ಹಿಮದ ಇಳಿಜಾರಿನ ವೀರ ಆನ್ರಿ ಒರೆಯೆ

ಕಾಲಿಗೆ ನೀಳವಾದ ಹಲಗೆಗಳನ್ನು ಕಟ್ಟಿಕೊಂಡು ಹಿಮಪರ್ವತದಿಂದ ಜಾರಿ ಇಳಿಯುವ ಸ್ಕೀ ಪಂದ್ಯವನ್ನು ನಮ್ಮಲ್ಲಿ ಕಂಡವರು ವಿರಳ. ಅದರಲ್ಲಿ ಕೀರ್ತಿಶಾಲಿಯಾದ ಆನ್ರಿ ಒರೆಯೆ ಎಂಬಾತನು 1925ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದನು. ಆಲ್ಪ್ಸ್ ಪರ್ವತದ ವಾಲ್ ದಿಝೇರ್ ಗ್ರಾಮವು ಆತನ ನೆಲೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ, ಇನ್ನೂ ಎಳೆಯ ತರುಣನಾಗಿರುವಾಗಲೇ, ಜರ್ಮನರನ್ನು ಪ್ರತಿಭಟಿಸಿದ ಫ್ರೆಂಚ್ ದೇಶಭಕ್ತರ ಪಂಗಡವನ್ನು ಸೇರಿ ಹೋರಾಡಿದನು.

1948ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮಾರಿಟ್ಸಿನಲ್ಲಿ ನೆರೆದ ಒಲಿಂಪಿಕ್ ಕೂಟದಲ್ಲಿ ಇಳಿಜಾರಿನ ಓಟವನ್ನು ಈತನು 2 ನಿಮಿಷ 55 ಸೆಕೆಂಡುಗಳಲ್ಲಿ ಮುಗಿಸಲು, ಎರಡನೆಯವನಾದ ಆಸ್ಟ್ರಿಯದ ಫ್ರಾಂಟ್ಸ್ ಗಾಬ್ಲನು 4 ಸೆಕೆಂಡುಗಳಿಗೂ ಮಿಕ್ಕಿ ಹಿಂದೆ ಉಳಿದನು. ರೆಪ್ಪೆ ಮಿಟುಕಿಸುವಷ್ಟರಲ್ಲಿ ಸೋಲುಗೆಲವುಗಳು ತೀರುವ ಈ ಪಂದ್ಯದಲ್ಲಿ ಇಷ್ಟು ಅಂತರವು ನಮಗಂತೂ ಸೋಜಿಗವೇ ಸರಿ. ಅದೇ ಕೂಟದಲ್ಲಿ ಆತನಿಗೆ ಇನ್ನೊಂದು ಚಿನ್ನದ ಪದಕವೂ ಒಂದು ಕಂಚಿನ ಪದಕವೂ ದೊರೆತವು.

ಹಿಮವನ್ನು ಬಿಟ್ಟರೂ ವೇಗದ ಹಂಬಲವು ಆತನನ್ನು ಬಿಡಲಿಲ್ಲ. ಮೋಟಾರು ಪಂದ್ಯಗಳಿಗೆ ಇಳಿದ ಆತನು 1962ರ ಅಕ್ಟೋಬರ್ 7ರಂದು ಪ್ಯಾರಿಸ್ಸಿನ ಬಳಿಯ ಮೋಂಲೇರಿಯಲ್ಲಿ ಫೆರಾರಿ ಬಂಡಿಯ ಅಪಘಾತದಿಂದ, 36ನೆಯ ವಯಸ್ಸಿನಲ್ಲಿಯೇ, ಮರಣಹೊಂದಿದನು.