ದಂಡನಾಯಕ ಚೀ ಜಿಗ್ವಾಂಗ್

ಹದಿನಾರನೆಯ ಶತಮಾನದ ಚೀನಾ ದೇಶದಲ್ಲಿ ಕಾಳಗದ ವಿದ್ಯೆ ಕಲಿಯಬೇಕೆಂಬ ಹಂಬಲವಿದ್ದ ಹುಡುಗನಿಗೆ ದಾರಿ ಸುಗಮವಾಗಿರಲಿಲ್ಲ. ಮುಷ್ಟಿಯುದ್ಧ, ದೊಣ್ಣೆವರಸೆ, ಈಟಿಯ ಪ್ರಯೋಗ ಇವೆಲ್ಲವೂ ಗುರುವಿನಿಂದ ಶಿಷ್ಯನಿಗೆ, ತಂದೆಯಿಂದ ಮಗನಿಗೆ ಸಾಗಿ ಬರುತ್ತಿದ್ದವು. ಗುರು ದೊರೆಯದವನಿಗೆ ವಿದ್ಯೆಯೂ ದೊರೆಯುತ್ತಿರಲಿಲ್ಲ. ಗುರುವು ತನ್ನ ಪಟ್ಟುಗಳನ್ನು ಗುಟ್ಟಾಗಿಟ್ಟುಕೊಂಡೇ ಕಣ್ಮುಚ್ಚಿದರೆ ಅವು ಅವನೊಡನೆಯೇ ಮಣ್ಣುಗೂಡುತ್ತಿದ್ದವು. ಅಂತಹ ಕಾಲದಲ್ಲಿ ಈ ವಿದ್ಯೆಯನ್ನು ಚಿತ್ರಸಹಿತವಾಗಿ ಪುಸ್ತಕಕ್ಕೆ ಇಳಿಸಿದವನು ಚೀ ಜಿಗ್ವಾಂಗ್. ಅವನು ಗರಡಿಯ ಗುರುವಲ್ಲ. ಮಿಂಗ್ ಅರಸರ ಸೇನೆಯ ದಂಡನಾಯಕ.

ಜಿಗ್ವಾಂಗ್ ಹುಟ್ಟಿದ್ದು 1528ರಲ್ಲಿ, ಶಾಂಡೊಂಗ್ ಪ್ರಾಂತದಲ್ಲಿ. ಡೆಂಗ್‌ಜೌ ಎಂಬ ಕಡಲತೀರದ ಠಾಣ್ಯದಲ್ಲಿ ಅವನ ವಂಶದವರು ತಲೆತಲಾಂತರದಿಂದ ಸೇನಾಧಿಕಾರಿಗಳಾಗಿದ್ದರು. ಮಗ ಹುಟ್ಟಿದಾಗ ತಂದೆ ಚೀ ಜಿಂಗ್‌ಟೊಂಗ್ ಐವತ್ತು ವರ್ಷ ದಾಟಿದ್ದನು. ಆತ ಪ್ರಾಮಾಣಿಕ, ಆದುದರಿಂದ ಬಡವ. ಬಾಲಕನು ಒಮ್ಮೆ ಅಂದವಾದ ರೇಷ್ಮೆಯ ಪಾದರಕ್ಷೆಗಳನ್ನು ಮೆಟ್ಟಿಕೊಂಡು ತಂದೆಯ ಮುಂದೆ ಬಂದನೆಂದು ಒಂದು ಕಥೆಯಿದೆ. ಇಂದು ರೇಷ್ಮೆಯ ಪಾದರಕ್ಷೆ ಬಯಸುವವನು ನಾಳೆ ರೇಷ್ಮೆಯ ಉಡುಪು, ಮೃಷ್ಟಾನ್ನ ಬಯಸುವನೆಂದೂ, ಅವುಗಳಿಗಾಗಿ ಕೊನೆಗೆ ಸೈನಿಕರ ಸಂಬಳಕ್ಕೇ ಕೈಹಾಕುವನೆಂದೂ ತಂದೆ ಗದರಿದನಂತೆ. 1544ರಲ್ಲಿ ಆ ತಂದೆ ತೀರಿಕೊಂಡನು. ಹದಿಹರೆಯದ ಮಗನ ಹೆಗಲಿಗೆ ವಂಶದ ಅಧಿಕಾರ ಬಂದಿತು.

1550ರಲ್ಲಿ ಮಂಗೋಲರ ನಾಯಕ ಅಲ್ತಾನ್ ಖಾನ್ ಬೀಜಿಂಗ್ ನಗರದವರೆಗೂ ದಂಡೆತ್ತಿ ಬಂದನು. ಸೇನಾ ಪರೀಕ್ಷೆಗೆಂದು ರಾಜಧಾನಿಗೆ ಬಂದಿದ್ದ ಜಿಗ್ವಾಂಗ್ ಕೋಟೆಯ ಬಾಗಿಲುಗಳ ರಕ್ಷಣೆಯಲ್ಲಿ ಪಾಲ್ಗೊಂಡನು. ಐದು ವರ್ಷಗಳ ತರುವಾಯ ಅವನನ್ನು ದಕ್ಷಿಣದ ಝೆಜಿಯಾಂಗ್ ಪ್ರಾಂತಕ್ಕೆ ಕಳುಹಿಸಲಾಯಿತು.

ಅಲ್ಲಿ ಕಡಲ್ಗಳ್ಳರ ಹಾವಳಿ ಮಿತಿಮೀರಿತ್ತು. ಜಪಾನಿನವರೆಂದು ಹೆಸರಾದ ಆ ಗುಂಪುಗಳಲ್ಲಿ ಚೀನೀಯರೇ ಬಹುಮಂದಿ ಇದ್ದರು. ಆದರೆ ಅವರ ನಡುವಿನ ಜಪಾನೀ ಖಡ್ಗಧಾರಿಗಳ ನೀಳ ಕತ್ತಿಯೆಂದರೆ ಮಿಂಗ್ ಸೈನಿಕರಿಗೆ ಮೈನಡುಕ. ಎರಡೂ ಕೈಗಳಿಂದ ಬೀಸುವ ಆ ಕತ್ತಿಗೆ ಈಟಿಯ ಹಿಡಿಕೆಗಳು ತುಂಡಾಗುತ್ತಿದ್ದವು. ಅದು ಮೇಲೆತ್ತಿದ ಕ್ಷಣದಲ್ಲೇ ಸಾಲು ಒಡೆದು ಓಡುತ್ತಿದ್ದವರನ್ನು ಜಿಗ್ವಾಂಗ್ ಕಣ್ಣಾರೆ ಕಂಡನು. ಓಡಿದವರ ಹಿಂದೆ ಊರುಗಳು ಉರಿಯುತ್ತಿದ್ದವು. ಸೈನಿಕರಿಗೆ ಧೈರ್ಯವಿಲ್ಲವೆಂದು ಅಧಿಕಾರಿಗಳು ಬಯ್ಯುತ್ತಿದ್ದರು. ಅವರಿಗೆ ಯಾರೂ ಏನನ್ನೂ ಸರಿಯಾಗಿ ಕಲಿಸಿಲ್ಲವೆಂಬುದು ಜಿಗ್ವಾಂಗನಿಗೆ ಹೊಳೆಯಿತು.

ಕಲಿಸಬೇಕಾದರೆ ತಾನು ಮೊದಲು ಕಲಿಯಬೇಕು. ಅಧಿಕಾರದ ಹಮ್ಮನ್ನು ಬದಿಗಿಟ್ಟು ಅವನು ಬಲ್ಲವರನ್ನು ಹುಡುಕಿಕೊಂಡು ಹೋದನು. ಟಾಂಗ್ ಶುನ್‌ಜಿ ಎಂಬ ಹಿರಿಯ ವಿದ್ವಾಂಸ ಅಧಿಕಾರಿ ಈಟಿಯ ವಿದ್ಯೆಯಲ್ಲಿ ಪ್ರವೀಣನಾಗಿದ್ದನು. ನದಿಯ ದಡದ ಒಂದು ಉಪ್ಪರಿಗೆಯಲ್ಲಿ ಆತ ತಾನೇ ಈಟಿ ಹಿಡಿದು ಜಿಗ್ವಾಂಗನಿಗೆ ತೋರಿಸಿಕೊಟ್ಟನು. ಎದುರಾಳಿಯ ಈಟಿಯನ್ನು ಸರಿಸಲು ತನ್ನ ಈಟಿಯ ತುದಿಯನ್ನು ಸುತ್ತಿಸುವುದು ಆ ವಿದ್ಯೆಯ ಜೀವಾಳ. ಇತರರು ಐದಡಿ ಅಗಲದ ಸುತ್ತು ಹಾಕುವಾಗ ಆತನ ಸುತ್ತು ಒಂದೇ ಅಡಿಯಷ್ಟಿತ್ತು. ಏಕೆ ಹೀಗೆಂದು ಜಿಗ್ವಾಂಗ್ ಕೇಳಿದನು. ಓರೆಯಾಗಿ ನಿಂತ ಮನುಷ್ಯನ ಮೈ ಏಳೆಂಟು ಅಂಗುಲ ಮಾತ್ರ ಅಗಲವೆಂದೂ, ಎದುರಿನ ಈಟಿ ಒಂದಡಿ ಸರಿದರೆ ಸಾಕೆಂದೂ, ಅದಕ್ಕಿಂತ ದೊಡ್ಡ ಸುತ್ತಿನಿಂದ ತನ್ನ ಶಕ್ತಿಯೇ ವ್ಯರ್ಥವೆಂದೂ ಹಿರಿಯನು ವಿವರಿಸಿದನು. ಇಂತಹ ಒಂದು ಸುತ್ತಿಗೆ ಎಷ್ಟು ಸಾಧನೆ ಬೇಕೆಂದು ಕೇಳಿದಾಗ, ತನಗೆ ಹತ್ತು ವರ್ಷ ಹಿಡಿಯಿತೆಂದನು. ಜಿಗ್ವಾಂಗ್ ಈ ಸಂಭಾಷಣೆಯನ್ನು ಹಾಗೆಯೇ ತನ್ನ ಗ್ರಂಥದಲ್ಲಿ ಬರೆದಿಟ್ಟನು. ಟಾಂಗ್ 1560ರಲ್ಲಿ ಮರಣ ಹೊಂದಿದನು. ಅಂದು ಆ ಉಪ್ಪರಿಗೆಯಲ್ಲಿ ನಡೆದ ಪಾಠ ಮಾತ್ರ ಉಳಿದುಕೊಂಡಿತು.

ಮುಷ್ಟಿಯುದ್ಧವನ್ನೂ ಅವನು ಬಲ್ಲವರ ಬಳಿ ಕಲಿತನು. ದಂಡನಾಯಕ ಯೂ ಡಾಯೊ ದೊಣ್ಣೆವರಸೆಯನ್ನು ಕುರಿತು ಬರೆದಿದ್ದ ಪುಸ್ತಕವನ್ನು ತನ್ನ ಗ್ರಂಥದೊಳಗೆ ಸೇರಿಸಿಕೊಂಡನು. 1561ರಲ್ಲಿ ರಣರಂಗದಲ್ಲಿ ಜಪಾನೀ ಖಡ್ಗವಿದ್ಯೆಯ ಒಂದು ಬರಹ ಅವನ ಕೈಗೆ ಸಿಕ್ಕಿತು. ಶತ್ರುವಿನದೆಂದು ಅದನ್ನು ಎಸೆಯಲಿಲ್ಲ. ಅದನ್ನು ಅಭ್ಯಾಸ ಮಾಡಿ ತನ್ನವರಿಗೂ ಕಲಿಸಿದನು.

ಸೈನಿಕರ ಆಯ್ಕೆಯಲ್ಲಿಯೂ ಅವನ ದೃಷ್ಟಿ ಬೇರೆಯಾಗಿತ್ತು. ನಯವಾಗಿ ಮಾತನಾಡುವ ಪೇಟೆಯ ಚತುರರು ಅವನಿಗೆ ಬೇಡ. ಬಿಸಿಲಿಗೆ ಮೈ ಕಪ್ಪಾದ, ಕೈ ಒರಟಾದ ಹಳ್ಳಿಗರು ಬೇಕು. 1559ರಲ್ಲಿ ಯಿವೂ ಎಂಬಲ್ಲಿನ ರೈತರನ್ನೂ ಗಣಿಕೆಲಸದವರನ್ನೂ ಕೂಡಿಸಿ ಮೂರು ಸಾವಿರಕ್ಕೂ ಮಿಕ್ಕ ಪಡೆಯನ್ನು ಕಟ್ಟಿದನು. ಹನ್ನೆರಡು ಮಂದಿಗೆ ಒಂದು ತುಕಡಿ. ಮುಂದೆ ನಾಯಕ; ಅವನ ಹಿಂದೆ ಗುರಾಣಿಯವರು ಇಬ್ಬರು; ಕೊಂಬೆಗಳನ್ನು ಸವರದೆ ಹಾಗೆಯೇ ಉಳಿಸಿದ ಉದ್ದನೆಯ ಬಿದಿರಿನ ಗಳುಗಳನ್ನು ಹಿಡಿದವರು ಇಬ್ಬರು; ಈಟಿಯವರು ನಾಲ್ವರು; ತ್ರಿಶೂಲದಂತಹ ಆಯುಧದವರು ಇಬ್ಬರು; ಕೊನೆಗೆ ಅಡಿಗೆಯವನೊಬ್ಬ. ಬಿದಿರಿನ ಆ ಕೊಂಬೆಗಳಲ್ಲಿ ನೀಳ ಕತ್ತಿ ಸಿಕ್ಕಿಕೊಳ್ಳುವುದು. ಅಷ್ಟರಲ್ಲಿ ಈಟಿ ತನ್ನ ಕೆಲಸ ಮುಗಿಸುವುದು. 1561ರಲ್ಲಿ ಟೈಜೌ ಪ್ರದೇಶದಲ್ಲಿ ಈ ಪಡೆಯು ಕಡಲ್ಗಳ್ಳರನ್ನು ಮೇಲಿಂದ ಮೇಲೆ ಸೋಲಿಸಿತು. ಮುಂದಿನ ಕೆಲವು ವರ್ಷಗಳಲ್ಲಿ ಫೂಜಿಯನ್ ಪ್ರಾಂತದ ಕರಾವಳಿಯೂ ನೆಮ್ಮದಿ ಕಂಡಿತು.

ಈ ಕಲಿಕೆಯ ಸಾರವನ್ನೆಲ್ಲ ಅವನು 1560ರ ಸುಮಾರಿಗೆ ಒಂದು ಗ್ರಂಥವಾಗಿ ಬರೆದನು. ಅದರ ಹೆಸರು ‘ಜಿ ಶಿಯಾವ್ ಶಿನ್ ಶು’. ಹದಿನೆಂಟು ಅಧ್ಯಾಯಗಳ ಆ ಗ್ರಂಥದಲ್ಲಿ ಸೈನಿಕರ ಆಯ್ಕೆಯಿಂದ ಹಿಡಿದು ಹಡಗಿನ ಯುದ್ಧದವರೆಗೆ ಎಲ್ಲವೂ ಇದೆ. ಸೈನಿಕರು ತಿಳಿಯಬೇಕಾದ ಆಜ್ಞೆಗಳನ್ನು ಪಂಡಿತರ ಭಾಷೆಯಲ್ಲಿ ಬರೆಯದೆ ಆಡುಮಾತಿಗೆ ಹತ್ತಿರವಾಗಿ ಬರೆದನು. ಕಣ್ಣಿಗೆ ಸೊಗಸಾಗಿ ಕಂಡು ಕಾಳಗದಲ್ಲಿ ಕೈಕೊಡುವ ವರಸೆಗಳ ಮೇಲೆ ಅವನಿಗೆ ತೀರದ ಸಿಟ್ಟು. ಈಟಿಯವನನ್ನು ಪರೀಕ್ಷಿಸಲು ಮನುಷ್ಯಾಕಾರದ ಗುರಿಹಲಗೆಯಲ್ಲಿ ಕಣ್ಣು, ಗಂಟಲು, ಎದೆ, ಸೊಂಟ, ಪಾದಗಳ ಸ್ಥಾನದಲ್ಲಿ ರಂಧ್ರ ಕೊರೆದು, ಅವುಗಳಲ್ಲಿ ಮರದ ಪುಟ್ಟ ಗುಂಡುಗಳನ್ನು ಇಡಿಸುತ್ತಿದ್ದನು. ಇಪ್ಪತ್ತು ಹೆಜ್ಜೆ ದೂರದಿಂದ ನುಗ್ಗಿಬಂದು ಅವುಗಳನ್ನು ಚುಚ್ಚಬಲ್ಲವನೇ ಉತ್ತೀರ್ಣ.

ಮುಷ್ಟಿಯುದ್ಧಕ್ಕೆ ಮೀಸಲಾದ ಒಂದು ಅಧ್ಯಾಯವೂ ಅದರಲ್ಲಿತ್ತು. ದೊಡ್ಡ ಯುದ್ಧದಲ್ಲಿ ಬರಿಗೈಯ ಹೋರಾಟದಿಂದ ಹೆಚ್ಚು ಪ್ರಯೋಜನವಿಲ್ಲವೆಂದು ಅವನೇ ಅಲ್ಲಿ ಒಪ್ಪಿಕೊಂಡಿದ್ದಾನೆ. ಆದರೂ ಕೈಕಾಲುಗಳನ್ನು ಪಳಗಿಸಲು, ಹೊಸಬನು ಆಯುಧ ಹಿಡಿಯುವ ಮುನ್ನ ವಿದ್ಯೆಯ ಹೊಸ್ತಿಲು ದಾಟಲು ಅದು ಬೇಕೆಂದು ಅವನ ಅಭಿಪ್ರಾಯ. ಆ ಕಾಲದ ಹೆಸರಾಂತ ಸಂಪ್ರದಾಯಗಳನ್ನು ಅವನು ಹೆಸರಿಸಿ, ಪ್ರತಿಯೊಂದೂ ಒಂದಲ್ಲ ಒಂದು ಕಡೆ ಅಪೂರ್ಣವೆಂದು ಕಂಡು, ಉತ್ತಮವಾದುವುಗಳಿಂದ ಮೂವತ್ತೆರಡು ನಿಲುವುಗಳನ್ನು ಆರಿಸಿದನು. ಒಂದೊಂದು ನಿಲುವಿಗೂ ಒಂದು ಹೆಸರು, ಒಂದು ಚಿತ್ರ, ನೆನಪಿನಲ್ಲಿ ಉಳಿಯುವಂತೆ ಕೆಲವು ಪದ್ಯದ ಸಾಲುಗಳು. ಚೀನಾದ ಮುಷ್ಟಿಯುದ್ಧವನ್ನು ಚಿತ್ರಗಳಿಂದ ತಿಳಿಸುವ ಕೃತಿಗಳಲ್ಲಿ ಇಂದು ಉಳಿದಿರುವ ಅತ್ಯಂತ ಹಳೆಯದು ಇದೇ.

ಚಿತ್ರಕ್ಕೆ ಒಂದು ಮಿತಿಯುಂಟು. ನಿಂತ ಭಂಗಿಯನ್ನು ಅದು ತೋರಿಸೀತು. ಆ ಭಂಗಿಗೆ ಕಾಲು ಹೇಗೆ ಬಂದಿತು, ಮುಂದೆ ಎತ್ತ ಹೋಗುವುದು ಎಂಬುದನ್ನು ತೋರಿಸದು. ಜಿಗ್ವಾಂಗ್ ಇದನ್ನು ಅರಿಯದವನಲ್ಲ. ಕಲಿತದ್ದನ್ನು ಎದುರಾಳಿಯೊಡನೆ ಪರೀಕ್ಷಿಸಿಯೇ ತೀರಬೇಕೆಂದೂ, ಅಲ್ಲಿ ಸೋತರೆ ನಾಚದೆ, ಗೆದ್ದರೆ ಬೀಗದೆ, ಗೆಲುವು ಸೋಲುಗಳ ಕಾರಣವನ್ನು ಯೋಚಿಸಬೇಕೆಂದೂ ಅದೇ ಅಧ್ಯಾಯದಲ್ಲಿ ಬರೆದನು.

1568ರಲ್ಲಿ ಅವನನ್ನು ಉತ್ತರದ ಗಡಿಗೆ ನೇಮಿಸಲಾಯಿತು. ಅಲ್ಲಿ ಮಹಾಗೋಡೆಯ ಉದ್ದಕ್ಕೂ ಸಾವಿರಕ್ಕೂ ಹೆಚ್ಚು ಕಾವಲು ಗೋಪುರಗಳು ಅವನ ಮೇಲ್ವಿಚಾರಣೆಯಲ್ಲಿ ಎದ್ದುನಿಂತವು. 1582ರಲ್ಲಿ ಅವನ ಬೆಂಬಲಿಗನಾಗಿದ್ದ ಪ್ರಧಾನ ಮಂತ್ರಿ ಜಾಂಗ್ ಜೂಜೆಂಗ್ ಮರಣ ಹೊಂದಿದನು. ಮಂತ್ರಿಯ ವಿರೋಧಿಗಳ ಕಣ್ಣು ದಂಡನಾಯಕನ ಮೇಲೆ ಬಿದ್ದಿತು. ಮರುವರ್ಷ ಅವನನ್ನು ದೂರದ ಗುವಾಂಗ್‌ಡೊಂಗ್ ಪ್ರಾಂತಕ್ಕೆ ವರ್ಗಾಯಿಸಿದರು. 1585ರಲ್ಲಿ ಅಧಿಕಾರದಿಂದಲೇ ಇಳಿಸಿದರು. 1588ರ ಆರಂಭದಲ್ಲಿ, ಹುಟ್ಟೂರಿನ ಕಡೆಗೆ ಮರಳಿದ್ದ ಅವನು ಬಡತನದಲ್ಲಿ ಕೊನೆಯುಸಿರೆಳೆದನು.

ಗುವಾಂಗ್‌ಡೊಂಗಿನಲ್ಲಿದ್ದಾಗ, 1584ರಲ್ಲಿ, ಅವನು ತನ್ನ ಗ್ರಂಥವನ್ನು ಪರಿಷ್ಕರಿಸಿ ಮತ್ತೆ ಹೊರತಂದಿದ್ದನು. ಅದರಲ್ಲಿ ಮುಷ್ಟಿಯುದ್ಧದ ಅಧ್ಯಾಯವೇ ಇರಲಿಲ್ಲ. ಆದರೆ ಹಳೆಯ ಆವೃತ್ತಿಯ ಪ್ರತಿಗಳು ಆ ವೇಳೆಗೆ ಹಲವರ ಕೈ ಸೇರಿದ್ದವು. 1592ರಲ್ಲಿ ಜಪಾನೀ ಸೇನೆ ಕೊರಿಯಾದ ಮೇಲೆ ದಂಡೆತ್ತಿದಾಗ, ಅದೇ ನೀಳ ಕತ್ತಿಗೆ ಕೊರಿಯಾದವರು ತತ್ತರಿಸಿದರು. ಅವರ ಅರಸನು ಜಿಗ್ವಾಂಗನ ಗ್ರಂಥವನ್ನು ತರಿಸಿದನು. ಬರಿಯ ಓದಿನಿಂದ ಬಿಡಿಸಲಾಗದ ಭಾಗಗಳನ್ನು, ನೆರವಿಗೆ ಬಂದಿದ್ದ ಮಿಂಗ್ ಅಧಿಕಾರಿಗಳಿಂದ ಕೇಳಿ ತಿಳಿದು, ಹಾನ್ ಗ್ಯೋ ಎಂಬಾತ 1598ರಲ್ಲಿ ತನ್ನ ನಾಡಿಗಾಗಿ ಒಂದು ಕೈಪಿಡಿಯನ್ನು ಸಿದ್ಧಪಡಿಸಿದನು. ಚೀನಾದಲ್ಲಿ 1621ರಲ್ಲಿ ಮಾವ್ ಯುವಾನ್‌ಯಿ ತನ್ನ ಬೃಹತ್ ಯುದ್ಧಕೋಶದಲ್ಲಿ ಮುಷ್ಟಿಯುದ್ಧದ ನಿಲುವುಗಳ ಚಿತ್ರಗಳನ್ನು ಸೇರಿಸಿದನು.

1930ರ ದಶಕದಲ್ಲಿ ಟಾಂಗ್ ಹಾವ್ ಎಂಬ ಸಂಶೋಧಕ ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿಗೆ ಹೋದನು. ತೈಜಿ ಎಂಬ ಮುಷ್ಟಿವಿದ್ಯೆಗೆ ಆ ಹಳ್ಳಿ ಹೆಸರುವಾಸಿ. ಅಲ್ಲಿಯ ವರಸೆಗಳ ಹೆಸರುಗಳನ್ನು ಆತ ಜಿಗ್ವಾಂಗನ ಅಧ್ಯಾಯದೊಡನೆ ಹೋಲಿಸಿ ನೋಡಿದನು. ‘ಒಂಟಿ ಚಾಟಿ’ ಅಲ್ಲಿಯೂ ಇತ್ತು, ಇಲ್ಲಿಯೂ ಇತ್ತು. ‘ಒಂಟಿ ಕಾಲಲ್ಲಿ ನಿಂತ ಚಿನ್ನದ ಹುಂಜ’ವೂ ಹಾಗೆಯೇ. ದಂಡನಾಯಕನು ತನ್ನ ಗ್ರಂಥದಿಂದ ತೆಗೆದುಹಾಕಿದ ನಿಲುವುಗಳಲ್ಲಿ ಹಲವನ್ನು ಮೂರೂವರೆ ಶತಮಾನಗಳ ಅನಂತರವೂ ಆ ಹಳ್ಳಿಯ ಜನ ತಮ್ಮ ಮಕ್ಕಳಿಗೆ ಕಲಿಸುತ್ತಿದ್ದರು.