ನಕ್ಷತ್ರದ ಕಾಲವನ್ನಳೆದ ಜಾನ್ ಗುಡ್ರಿಕ್ಕನು

ಪರ್ಸಿಯಸ್ ಎಂಬ ನಕ್ಷತ್ರಪುಂಜದಲ್ಲಿ ಆಲ್ಗಾಲ್ ಎಂಬ ತಾರೆಯೊಂದುಂಟು. ಅರಬರಿಂದ ಬಂದ ಈ ಹೆಸರಿಗೆ ರಾಕ್ಷಸನೆಂದು ಅರ್ಥ. ಈ ತಾರೆಯು ಒಮ್ಮೊಮ್ಮೆ ಮಂಕಾಗುವುದನ್ನು ಇಟಲಿಯ ಮೊಂಟನಾರಿ ಎಂಬ ಪಂಡಿತನು 17ನೆಯ ಶತಮಾನದಲ್ಲಿಯೇ ಕಂಡಿದ್ದನು. ಆದರೆ ಆ ಮಂಕುತನವು ತಪ್ಪದ ನಿಯಮಕ್ಕೊಳಪಟ್ಟು ಬರುವುದೆಂದು ಅಳೆದು ತೋರಿಸಿದವನು ಕಿವುಡನಾದ ಒಬ್ಬ ತರುಣನು. ಅವನೇ ಜಾನ್ ಗುಡ್ರಿಕ್ಕನು.

ಇವನು 1764ನೆಯ ಸೆಪ್ಟೆಂಬರ್ 17ರಂದು ಹಾಲೆಂಡಿನ ಗ್ರೋನಿಂಗೆನ್ ನಗರದಲ್ಲಿ ಆಂಗ್ಲ ಮನೆತನವೊಂದರಲ್ಲಿ ಜನಿಸಿದನು. ಶೈಶವದಲ್ಲಿಯೇ ಕೇಳುವ ಶಕ್ತಿಯನ್ನು ಕಳೆದುಕೊಂಡನು. ಕಿವುಡ ಮಕ್ಕಳಿಗೆ ವಿದ್ಯೆ ಸಲ್ಲದೆಂದು ಬಹು ಜನರು ಭಾವಿಸುತ್ತಿದ್ದ ಕಾಲವದು. ಆದರೂ ಇವನ ಹಿರಿಯರು ಇವನನ್ನು ಮನೆಯ ಮೂಲೆಯಲ್ಲಿ ಕೂರಿಸಲಿಲ್ಲ. ಅಂಥ ಮಕ್ಕಳಿಗಾಗಿಯೇ ಥಾಮಸ್ ಬ್ರೇಡ್‌ವುಡ್ಡನು ಎಡಿನ್‌ಬರೋದಲ್ಲಿ ನಡೆಸುತ್ತಿದ್ದ ಪಾಠಶಾಲೆಗೆ ಕಳುಹಿಸಿದರು. ಬಳಿಕ ವಾರಿಂಗ್‌ಟನ್ನಿನ ವಿದ್ಯಾಲಯದಲ್ಲಿ, ಕೇಳಬಲ್ಲ ಹುಡುಗರ ಜೊತೆಯಲ್ಲಿಯೇ ಕಲಿತು, ಗಣಿತದಲ್ಲಿ ನಿಪುಣನೆನಿಸಿದನು.

ವಿದ್ಯಾಭ್ಯಾಸವನ್ನು ಮುಗಿಸಿ ಯಾರ್ಕ್ ನಗರದಲ್ಲಿದ್ದ ತನ್ನ ಮನೆಯನ್ನು ಸೇರಿದಾಗ, ಎಡ್ವರ್ಡ್ ಪಿಗಟ್ಟನೆಂಬ ಜ್ಯೋತಿರ್ವಿದನ ಸ್ನೇಹವು ಇವನಿಗೆ ಲಭಿಸಿತು. ಕಾಂತಿ ಬದಲಾಗುವ ತಾರೆಗಳ ಕಡೆಗೆ ಇವನ ಮನಸ್ಸನ್ನು ತಿರುಗಿಸಿದವನು ಈ ಹಿರಿಯ ಗೆಳೆಯನೇ. 1782ನೆಯ ನವೆಂಬರ್ 12ರ ರಾತ್ರಿ ಆಲ್ಗಾಲ್ ಎಂದಿಗಿಂತ ಮಂಕಾಗಿರುವುದನ್ನು ಗುಡ್ರಿಕ್ಕನು ಕಂಡು ಬೆರಗಾದನು. ಅಂದಿನಿಂದ ಮೋಡವಿಲ್ಲದ ರಾತ್ರಿಗಳಲ್ಲಿ ಅದನ್ನು ಕಾಯತೊಡಗಿದನು.

ಇವನ ವಿಧಾನವು ಸರಳವಾದುದು. ನೆರೆಯ ತಾರೆಗಳೊಡನೆ ಆಲ್ಗಾಲನ್ನು ಬರಿಗಣ್ಣಿನಿಂದ ಹೋಲಿಸಿ, ಅದು ಅತ್ಯಂತ ಮಂಕಾದ ಗಳಿಗೆಯನ್ನು ಬರೆದಿಡುತ್ತಿದ್ದನು. ಸುಮಾರು ಮೂರೂವರೆ ಗಂಟೆಯಲ್ಲಿ ಕಾಂತಿಯು ಕುಂದಿ, ಅಷ್ಟೇ ಹೊತ್ತಿನಲ್ಲಿ ಮರಳುವುದೆಂದು ಕಂಡನು. ಒಂದೇ ಆವರ್ತವನ್ನಳೆದರೆ ಗುರುತಿನಲ್ಲಾದ ತಪ್ಪು ಹಾಗೆಯೇ ಉಳಿಯುತ್ತದೆ. ಹಲವು ಆವರ್ತಗಳ ಒಟ್ಟು ಕಾಲವನ್ನು ಅವುಗಳ ಸಂಖ್ಯೆಯಿಂದ ಭಾಗಿಸಿದರೆ ತಪ್ಪೂ ಹಂಚಿಹೋಗುತ್ತದೆ. ಅರ್ಧ ಗಂಟೆಯ ತಪ್ಪು ಹತ್ತು ಆವರ್ತಗಳಲ್ಲಿ ಹಂಚಿದರೆ ಮೂರೇ ನಿಮಿಷ. ಹೀಗೆ ಇವನು ಮೊದಲು ಪಡೆದ ಕಾಲವು 2 ದಿನ 20 ಗಂಟೆ 45 ನಿಮಿಷ. ಇಂದಿನ ಅಳತೆಯು ಸುಮಾರು 2 ದಿನ 20 ಗಂಟೆ 49 ನಿಮಿಷ. ವ್ಯತ್ಯಾಸವು ನಾಲ್ಕು ನಿಮಿಷ ಮಾತ್ರ!

1783ನೆಯ ಮೇ ತಿಂಗಳಲ್ಲಿ ಈ ವಿಷಯವನ್ನು ಲಂಡನಿನ ರಾಯಲ್ ಸೊಸೈಟಿಗೆ ನಿವೇದಿಸಿದಾಗ, ದೊಡ್ಡ ಕಾಯವೊಂದು ಆಲ್ಗಾಲನ್ನು ಸುತ್ತುತ್ತ ಅದರ ಬೆಳಕನ್ನು ಮರೆಮಾಡುತ್ತಿರಬಹುದು, ಇಲ್ಲವೆ ತಾರೆಯ ಮೈಮೇಲೆಯೇ ಕಲೆಗಳಿರಬಹುದು ಎಂದು ಎರಡು ಕಾರಣಗಳನ್ನು ವಿನಯದಿಂದ ಸೂಚಿಸಿದನು. ಆ ವರ್ಷದ ಕಾಪ್ಲಿ ಪದಕವು ಇವನಿಗೆ ದೊರೆಯಿತು. 1784ರಲ್ಲಿ ಸೀಫಿಯಸ್ ಪುಂಜದ ಡೆಲ್ಟಾ ತಾರೆಯ ಕಾಂತಿಯೂ ಬದಲಾಗುವುದೆಂದು ಕಂಡುಹಿಡಿದನು.

1786ನೆಯ ಏಪ್ರಿಲ್ 16ರಂದು ರಾಯಲ್ ಸೊಸೈಟಿಯು ಇವನನ್ನು ತನ್ನ ಸದಸ್ಯನನ್ನಾಗಿ ಆರಿಸಿತು. ನಾಲ್ಕೇ ದಿನಗಳ ತರುವಾಯ, 20ರಂದು, ಇವನು ಈ ಲೋಕವನ್ನು ಬಿಟ್ಟನು. ಆಗ ಇವನಿಗೆ 21 ವರ್ಷ. ಆಲ್ಗಾಲಿಗೆ ಜೊತೆಗಾರ ತಾರೆಯುಂಟೆಂದು ಪೋಟ್ಸ್‌ಡಾಮಿನ ಫೋಗೆಲ್ ಪಂಡಿತನು 1889ರಲ್ಲಿ ವರ್ಣಪಟಲದಿಂದ ಸಿದ್ಧಪಡಿಸಿದನು. ಬಾಲಕನ ಮೊದಲ ಊಹೆಯೇ ನಿಜವಾಯಿತು. ಡೆಲ್ಟಾ ಸೀಫಿಯ ಜಾತಿಯ ತಾರೆಗಳನ್ನು ಕುರಿತು ಅಮೆರಿಕದ ಹೆನ್ರಿಯೆಟ್ಟಾ ಲೆವಿಟ್ ಎಂಬ ಮಹಿಳೆಯು 1912ರಲ್ಲಿ ಪ್ರಕಟಿಸಿದ ನಿಯಮವು ಆಕಾಶದ ದೂರಗಳನ್ನಳೆಯುವ ಕೋಲಾಯಿತು. ಆಕೆಗೂ ಕಿವಿ ಮಂದವಾಗಿತ್ತೆಂಬುದು ಗಮನಾರ್ಹವು.

ಕುಂದುಳ್ಳ ಮಗುವೆಂದು ಹಿಂದೆಗೆಯದೆ ಗುಡ್ರಿಕ್ಕನ ಕೈಹಿಡಿದು ಶಾಲೆಯ ಬಾಗಿಲಿಗೆ ನಡೆಸಿದವರನ್ನು ಲೋಕವು ಅಷ್ಟಾಗಿ ನೆನೆಯದು. ಮಕ್ಕಳನ್ನು ಶಾಲೆಗೆ ಒಪ್ಪಿಸುವ ತಾಯಿತಂದೆಗಳೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರನ್ನು ನೆನೆಯುವುದು ಯುಕ್ತವಾಗಿದೆ.