ಸೂಜಿ ಹಿಡಿದು ಬಂದ ಹಾಫ್‌ಕಿನ್ ಮತ್ತು ಶಿರಹಟ್ಟಿಯ ನಮ್ಮ ಆಯಿ

ಮುಂಬೈಗೆ ಹೋಗುವ ಟಿಕೆಟ್ ಎರಡನೇ ಸಲ ಕ್ಯಾನ್ಸಲ್ ಆಯ್ತು. 2020ರ ಮಾರ್ಚ್ ಕೊನೆಯ ವಾರಕ್ಕೆ ಗದಗಿನಿಂದ ಮುಂಬೈ ಎಕ್ಸ್‌ಪ್ರೆಸ್‌ಗೆ ಬುಕ್ ಮಾಡಿದ್ದೆ. ಜನತಾ ಕರ್ಫ್ಯೂ ಬಂತು, ಹಿಂದೆಯೇ ರೈಲೆಲ್ಲ ನಿಂತವು, 25ರಿಂದ ಲಾಕ್‌ಡೌನ್. 2021ರ ಮೇನಲ್ಲಿ ಹೋದರಾಯ್ತು ಅಂತ ಮತ್ತೆ ಬುಕ್ ಮಾಡಿದೆ. ಎರಡನೇ ಅಲೆ ಬಂತು, ಈ ಸಲ ನಾನೇ ಕ್ಯಾನ್ಸಲ್ ಮಾಡಿದೆ. ಇಂಜಿನಿಯರಿಂಗ್‌ನಲ್ಲಿ ಜೊತೆಗಿದ್ದ ಗೆಳೆಯನ ಮನೆಗೆ ಹೋಗುವುದು ನೆಪ. ನಿಜವಾಗಿ ನೋಡಬೇಕಿದ್ದದ್ದು ಪರೇಲ್‌ನಲ್ಲಿರುವ ಒಂದು ಹಳೆಯ ಕಟ್ಟಡ. ಒಂದು ಕಾಲಕ್ಕೆ ಬಾಂಬೆ ಗವರ್ನರ್ ಬಂಗಲೆಯಾಗಿದ್ದ ಅದು ಈಗ ಹಾಫ್‌ಕಿನ್ ಸಂಸ್ಥೆ. ಆ ಹೆಸರಿನ ಮನುಷ್ಯನಿಗೂ ನಮ್ಮ ಗದಗ-ಬೆಟಗೇರಿಗೂ ಒಂದು ಹಳೆಯ ಲೆಕ್ಕ ಇದೆ. ಅದನ್ನು ಬರೆಯೋಣ ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಕಟ್ಟಡ ನೋಡೋದು ಸದ್ಯಕ್ಕಂತೂ ಆಗಲ್ಲ, ಬೆಟಗೇರಿಯ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ, ಅದು ಶಿರಹಟ್ಟಿಯಲ್ಲಿರುವ ನಮ್ಮ ಆಯಿ.

ಆಯಿಗೆ ಎಂಬತ್ತೆರಡು. 2021ರ ಮಾರ್ಚ್‌ನಿಂದ ಅರವತ್ತು ದಾಟಿದವರಿಗೆ ಲಸಿಕೆ ಕೊಡಲು ಶುರು ಮಾಡಿದರು, ಆಕೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ. ಮುಂಡರಗಿಯಲ್ಲಿ ನಮ್ಮ ಸಂಬಂಧಿಕರೊಬ್ಬರು ಸೂಜಿ ಮಾಡಿಸಿಕೊಂಡ ಮೂರೇ ದಿನಕ್ಕೆ ಹಾಸಿಗೆ ಹಿಡಿದು ತೀರಿಕೊಂಡರು. ಅವರ ಮನೆಯಲ್ಲಿ ಅದಕ್ಕೂ ಮೊದಲೇ ಇಬ್ಬರಿಗೆ ಜ್ವರ ಇತ್ತು. ಆದರೆ ಆ ಸುದ್ದಿ ಲಕ್ಷ್ಮೇಶ್ವರದ ಬೀಗರ ಮನೆ ದಾಟಿ ಶಿರಹಟ್ಟಿ ಮುಟ್ಟುವಷ್ಟರಲ್ಲಿ ಸೂಜಿ ಒಂದೇ ಉಳಿದಿತ್ತು, ಜ್ವರದ ಮಾತು ಹಾದಿಯಲ್ಲೇ ಬಿದ್ದುಹೋಗಿತ್ತು. ಕಾಕಾ ಒಂದು ಉಪಾಯ ಹೇಳಿದರು: ಶುಗರ್ ಚೆಕ್ ಮಾಡಿಸೋಣ ಅಂತ ಹೇಳಿ ಕರಕೊಂಡು ಹೋಗಿ ಚುಚ್ಚಿಸಿಬಿಡೋಣ. ಹೂಂ ಅನ್ನೋಕೆ ನಾನೂ ತಯಾರಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ಈಗ ಹಾಫ್‌ಕಿನ್ ಕಡೆ ಬರೋಣ.

ವಾಲ್ಡೆಮಾರ್ ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ, ಯಹೂದಿ ಕುಟುಂಬದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೆಚ್ನಿಕಾಫ್ ಅವರ ಶಿಷ್ಯ. ಯಹೂದಿಗಳ ಮೇಲೆ ದಂಗೆಗಳಾದಾಗ ತಮ್ಮವರ ರಕ್ಷಣೆಗೆ ನಿಂತು ಜೈಲನ್ನೂ ಕಂಡ. ಓದಿನಲ್ಲಿ ಎಷ್ಟೇ ಮುಂದಿದ್ದರೂ ಮತ ಬಿಟ್ಟು ಕ್ರೈಸ್ತನಾಗದೆ ಮೇಲಿನ ಹುದ್ದೆ ಸಿಗುವಂತಿರಲಿಲ್ಲ, ಈತ ಬಿಡಲಿಲ್ಲ. 1888ರಲ್ಲಿ ಜಿನೀವಾಕ್ಕೆ ಹೋದ, ಮರುವರ್ಷ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದ. ಅಲ್ಲಿ ಸಿಕ್ಕ ಕೆಲಸ ಸಹಾಯಕ ಗ್ರಂಥಪಾಲಕನದು. ಪುಸ್ತಕ ಜೋಡಿಸುವ ಸಂಬಳ ತಗೊಂಡು, ಬಿಡುವಿನಲ್ಲಿ ಕಾಲರಾದ ಸೂಕ್ಷ್ಮಾಣುವಿನ ಹಿಂದೆ ಬಿದ್ದ. ಡಿಗ್ರಿ ಒಂದು, ಹೊಟ್ಟೆಪಾಡು ಇನ್ನೊಂದು ಆದ ನನ್ನಂಥವರಿಗೆ ಈ ಭಾಗ ಬಹಳ ಹತ್ತಿರ ಅನ್ನಿಸುತ್ತೆ.

1892ರ ಜುಲೈ 18ರಂದು ತಾನು ತಯಾರಿಸಿದ ಕಾಲರಾ ಲಸಿಕೆಯನ್ನು ತನಗೇ ಚುಚ್ಚಿಕೊಂಡ. ಜ್ವರ ಬಂತು, ಇಳಿಯಿತು, ಬದುಕಿದ. ಆಗ ರಷ್ಯಾದಲ್ಲೇ ಕಾಲರಾ ಹಬ್ಬಿತ್ತು, ಆದರೆ ಅಲ್ಲಿನ ಸರ್ಕಾರಕ್ಕೆ ಈತನ ಲಸಿಕೆ ಬೇಕಾಗಲಿಲ್ಲ. ಸಯಾಮಿಗೆ, ಅಂದರೆ ಇಂದಿನ ಥಾಯ್ಲೆಂಡ್‌ಗೆ, ಹೋಗಿ ಪ್ರಯೋಗ ಮಾಡುವ ಯೋಚನೆ ಇತ್ತು. ಹಿಂದೆ ಭಾರತದ ವೈಸ್‌ರಾಯ್ ಆಗಿದ್ದ ಡಫರಿನ್ ಆಗ ಪ್ಯಾರಿಸ್‌ನಲ್ಲಿ ಬ್ರಿಟನ್ನಿನ ರಾಯಭಾರಿ. ಭಾರತಕ್ಕೆ ಹೋಗು ಅಂತ ದಾರಿ ತೋರಿಸಿದವರು ಅವರು. ಹೀಗೆ ಒಂದು ಪ್ರಯಾಣ ರದ್ದಾಗಿ ಇನ್ನೊಂದು ಶುರುವಾಯ್ತು, 1893ರಲ್ಲಿ ಕಲ್ಕತ್ತಾಕ್ಕೆ ಬಂದಿಳಿದ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈತ ವೈದ್ಯನಲ್ಲ, ಪ್ರಾಣಿಶಾಸ್ತ್ರ ಓದಿದವ. ಬ್ರಿಟಿಷನಲ್ಲ, ರಷ್ಯಾದವ. ಇಂಗ್ಲಿಷ್ ಸೈನ್ಯದ ವೈದ್ಯರಿಗೆ ಈತನ ಮೇಲೆ ಅನುಮಾನ, ಊರಿನವರಿಗೆ ಇನ್ನೂ ಹೆಚ್ಚು. ಆತ ಕಂಡುಕೊಂಡ ದಾರಿ ಸರಳ: ಬಂಗಾಳಿ ವೈದ್ಯರನ್ನು ಜೊತೆಗೆ ಕರೆದುಕೊಂಡ, ಜನರೆದುರು ಮೊದಲು ತಾನೇ ಚುಚ್ಚಿಸಿಕೊಂಡ. 1894ರಲ್ಲಿ ಕಲ್ಕತ್ತಾದ ಬಸ್ತಿಯೊಂದರಲ್ಲಿ ಕಾಲರಾ ಬಂದಾಗ ಹೆಚ್ಚೂಕಡಿಮೆ ಅರ್ಧ ಜನ ಒಪ್ಪಿದರು, ಉಳಿದವರು ಇಲ್ಲ ಅಂದರು. ಆಮೇಲೆ ಕಾಯಿಲೆ ಬಿದ್ದವರೆಲ್ಲ ಇಲ್ಲ ಅಂದವರೇ. ಅಕ್ಕಪಕ್ಕದ ಮನೆ, ಒಂದೇ ಕೆರೆಯ ನೀರು. ಭಾಷಣಕ್ಕಿಂತ ಅದು ಬೇಗ ಅರ್ಥವಾಯ್ತು.

1896ರಲ್ಲಿ ಬಾಂಬೆಗೆ ಪ್ಲೇಗು ಬಂತು. ಹಾಫ್‌ಕಿನ್‌ನನ್ನು ಕರೆಸಿದರು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟರಲ್ಲಿ ಮೂರೇ ತಿಂಗಳಿಗೆ ಲಸಿಕೆ ಸಿದ್ಧ ಮಾಡಿದ. ಅದನ್ನು ಬೆಳೆಸಿದ ವಿಧಾನ ಓದಿ ನನಗೆ ನಗು ಬಂತು, ಬೆರಗೂ ಆಯ್ತು. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಸುವುದು. ಪ್ಲೇಗಿನ ಸೂಕ್ಷ್ಮಾಣು ಆ ಹನಿಗೆ ಅಂಟಿಕೊಂಡು ಬಿಳಲಿನ ಹಾಗೆ ಕೆಳಕ್ಕೆ ಇಳಿಯುತ್ತೆ. ಅಲುಗಾಡಿಸಿದರೆ ಉದುರುತ್ತೆ, ಹೊಸ ಬಿಳಲು ಬರುತ್ತೆ. ಹೀಗೆ ಬೆಳೆ ತೆಗೆದು, ಬಿಸಿ ಮಾಡಿ ಕೊಂದು, ಆ ಸತ್ತ ಸೂಕ್ಷ್ಮಾಣುವನ್ನೇ ಚುಚ್ಚುವುದು. 1897ರ ಜನವರಿ 10ರಂದು ಮತ್ತೆ ಮೊದಲ ಸೂಜಿ ತನಗೇ. ತಿಂಗಳ ಕೊನೆಗೆ ಬೈಕಲ್ಲಾ ಜೈಲಿನಲ್ಲಿ ಪ್ಲೇಗು ಕಾಣಿಸಿತು. ಚುಚ್ಚಿಸಿಕೊಂಡ ಕೈದಿಗಳಲ್ಲಿ ಆಮೇಲೆ ಇಬ್ಬರಿಗೆ ಬಂತು, ಯಾರೂ ಸಾಯಲಿಲ್ಲ. ಉಳಿದವರಲ್ಲಿ 12 ಜನಕ್ಕೆ ಬಂತು, 6 ಜನ ಸತ್ತರು. ಒಳಗೇ ಸೋಂಕು ಇದ್ದು ಚುಚ್ಚಿಸಿಕೊಂಡ ದಿನವೇ ಕಾಯಿಲೆ ಬಿದ್ದವರೂ ಇದ್ದರು. ಮುಂಡರಗಿಯ ನಮ್ಮ ಸಂಬಂಧಿಕರ ಕಥೆಯೂ ಇದೇ ಇರಬೇಕು ಅಂತ ನನಗೆ ಅನ್ನಿಸೋದು. ಕೈದಿಗಳು ಮನಸಾರೆ ಒಪ್ಪಿದ್ದರು ಅಂತ ಬರೆದಿದ್ದಾರೆ. ಜೈಲಿನಲ್ಲಿ ಒಪ್ಪಿಗೆ ಅನ್ನೋ ಮಾತಿಗೆ ಎಷ್ಟು ಬೆಲೆ ಅನ್ನೋದು ಬೇರೆ ಪ್ರಶ್ನೆ. ಆತನನ್ನು ದೇವರ ಪಟದ ಪಕ್ಕ ತೂಗುಹಾಕುವ ಇರಾದೆ ನನಗಿಲ್ಲ.

ಅದೇ ವರ್ಷ ಫೆಬ್ರವರಿಯಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. 2020ರಲ್ಲಿ ನಮ್ಮನ್ನೆಲ್ಲ ಮನೆಯಲ್ಲಿ ಕೂರಿಸುವಾಗ ಹೊರಗೆ ತೆಗೆದದ್ದು ಅದೇ 1897ರ ಕಾಯ್ದೆಯನ್ನ. ಆಗ ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿ ಎಳೆದೊಯ್ದರು. ಜೂನ್‌ನಲ್ಲಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಗುಂಡಿಟ್ಟು ಕೊಂದರು. ರೈಲು ನಿಲ್ದಾಣಗಳಲ್ಲಿ ತಪಾಸಣೆ, ಅನುಮಾನ ಬಂದರೆ ಕ್ಯಾಂಪು. ಜನ ರೋಗಕ್ಕಿಂತ ಕ್ಯಾಂಪಿಗೆ ಹೆಚ್ಚು ಹೆದರಿದರು. ಹೆಣ ಬಚ್ಚಿಟ್ಟರು.

ಪ್ಲೇಗು ರೈಲು ಹತ್ತಿ ನಮ್ಮ ಕಡೆಗೂ ಬಂತು. ಗದಗ ಆಗಲೇ ಹತ್ತಿಯ ದೊಡ್ಡ ಪೇಟೆ, ಬೆಟಗೇರಿ ನೇಕಾರರ ಊರು. ಒಂದು ಕಡೆ ಹುಬ್ಬಳ್ಳಿಗೆ, ಇನ್ನೊಂದು ಕಡೆ ಬಳ್ಳಾರಿ ದಿಕ್ಕಿಗೆ, ಮತ್ತೊಂದು ಕಡೆ ಬಾಗಲಕೋಟೆ, ವಿಜಯಪುರ ದಾಟಿ ಹೊಟಗಿಗೆ ರೈಲು ದಾರಿ. ನಾನು ಹತ್ತಬೇಕಿದ್ದ ಗಾಡಿ ಹೋಗೋದೂ ಆ ಹೊಟಗಿ ದಾರಿಯಲ್ಲೇ. 1898ರಲ್ಲಿ ಧಾರವಾಡ ಜಿಲ್ಲೆಗೆ, ಅದರಲ್ಲೂ ಹುಬ್ಬಳ್ಳಿಗೆ ದೊಡ್ಡ ಹೊಡೆತ ಬಿತ್ತು. ಹಾಫ್‌ಕಿನ್ ಲಸಿಕೆ ಇಡೀ ಊರಿಗೆ ಊರೇ ಹಾಕಿಸಿಕೊಂಡ ಮೊದಮೊದಲ ಜಾಗಗಳು ನಮ್ಮವೇ: ಹುಬ್ಬಳ್ಳಿ, ಧಾರವಾಡ, ಗದಗ. ಹುಬ್ಬಳ್ಳಿಯೊಂದರಲ್ಲೇ ಆ ಮಳೆಗಾಲ ಮುಗಿಯುವಷ್ಟರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡಿದ್ದರು. ಲಾಯ್‌ಮನ್ ಎಂಬ ಸೇನಾ ವೈದ್ಯ ವಾರವಾರ ಲೆಕ್ಕ ಬರೆದಿಟ್ಟರು. ಲಸಿಕೆ ಕೆಲಸ ಮಾಡುತ್ತೆ ಅಂತ ಜಗತ್ತಿಗೆ ತೋರಿಸುವಾಗ ಮುಂದಿಟ್ಟದ್ದು ನಮ್ಮ ಊರುಗಳ ಈ ಲೆಕ್ಕಗಳನ್ನೇ. ಅದು ಪೂರಾ ರಕ್ಷಣೆ ಕೊಡುವ ಲಸಿಕೆ ಆಗಿರಲಿಲ್ಲ, ತೋಳು ಬಾತು ಜ್ವರ ಬರುತ್ತಿತ್ತು. ಆದರೆ ಚುಚ್ಚಿಸಿಕೊಂಡವರಲ್ಲಿ ಕಾಯಿಲೆಯೂ ಸಾವೂ ಬಹಳ ಕಡಿಮೆ.

ಜನ ಯಾಕೆ ಒಪ್ಪಿದರು? ಸಾವು ಕಣ್ಣೆದುರೇ ಇತ್ತು, ಅದು ಮೊದಲ ಕಾರಣ. ಎರಡನೆಯದು ಒಂದು ಕಾಗದ. ಚುಚ್ಚಿಸಿಕೊಂಡವರಿಗೆ ಸರ್ಟಿಫಿಕೇಟ್ ಕೊಡುತ್ತಿದ್ದರು, ಅದಿದ್ದರೆ ಕ್ಯಾಂಪಿನ ಕಟ್ಟುಪಾಡಿನಿಂದ, ಪ್ರಯಾಣದ ತಡೆಯಿಂದ ವಿನಾಯಿತಿ. ನಮ್ಮ ಸೀಮೆಯಲ್ಲಿ ಅದರ ಬೆಲೆ ಏನಿದ್ದಿರಬಹುದು ಅಂತ ಅಂದಾಜು ಮಾಡಿ ನೋಡಿ. ಆಗ ಮುಂಡರಗಿ ಬ್ರಿಟಿಷರದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಮುಂಡರಗಿಯಿಂದ ಲಕ್ಷ್ಮೇಶ್ವರದ ಸಂತೆಗೆ ಚಕ್ಕಡಿ ಹೂಡಿದವನು ಒಂದೇ ದಿನದಲ್ಲಿ ಮೂರು ಸರ್ಕಾರ ದಾಟಬೇಕಿತ್ತು. ಮೊನ್ನೆ ನಾನು ಬೆಟಗೇರಿಯಿಂದ ಶಿರಹಟ್ಟಿಗೆ ಬೈಕಿನಲ್ಲಿ ಹೋಗುವಾಗ ಎರಡು ಕಡೆ ಪೊಲೀಸರು ನಿಲ್ಲಿಸಿದರು, ಎರಡೂ ಕಡೆ ಪ್ರೆಸ್ ಕಾರ್ಡ್ ತೋರಿಸಿ ಪಾರಾದೆ. ಆ ಕಾರ್ಡ್ ಇಲ್ಲದೆ ಲಾಠಿ ತಿಂದವರನ್ನೂ ಅದೇ ರಸ್ತೆಯಲ್ಲಿ ನೋಡಿದೆ.

1899ರಲ್ಲಿ ಪರೇಲ್ ಬಂಗಲೆ ಪ್ರಯೋಗಾಲಯವಾಯ್ತು. ಲಕ್ಷಗಟ್ಟಲೆ ಡೋಸ್ ಹೊರಟವು. ಅಷ್ಟರಲ್ಲಿ ಬಂತು ಮಲ್ಕೋವಾಲ್.

1902ರ ಅಕ್ಟೋಬರ್ 30. ಪಂಜಾಬಿನ ಆ ಹಳ್ಳಿಯಲ್ಲಿ ಆ ದಿನ ನೂರಕ್ಕೂ ಹೆಚ್ಚು ಜನಕ್ಕೆ ಲಸಿಕೆ ಹಾಕಿದರು. 53-ಎನ್ ನಂಬರಿನ ಒಂದು ಬಾಟಲಿಯಿಂದ ಚುಚ್ಚಿಸಿಕೊಂಡ 19 ಜನಕ್ಕೆ ವಾರದಲ್ಲಿ ಧನುರ್ವಾಯು. 19 ಜನರೂ ಸತ್ತರು. ತನಿಖೆಯಲ್ಲಿ ಬೆರಳು ತೋರಿಸಿದ್ದು ಬಾಂಬೆಯ ಪ್ರಯೋಗಾಲಯದ ಕಡೆಗೆ. ಉತ್ಪಾದನೆ ಹೆಚ್ಚಿಸಲು ಹಾಫ್‌ಕಿನ್ ಕಾರ್ಬಾಲಿಕ್ ಆಮ್ಲ ಬಿಟ್ಟು ಬರೀ ಶಾಖದಿಂದ ಶುದ್ಧಗೊಳಿಸುವ ಕ್ರಮಕ್ಕೆ ಬದಲಾಗಿದ್ದ, ಅದೇ ತಪ್ಪು ಅಂದರು. ಅಮಾನತಾಗಿ 1904ರಲ್ಲಿ ದೇಶ ಬಿಟ್ಟ. ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡದೆ ಬಳಸಿದ್ದರು ಅನ್ನೋ ಸಾಕ್ಷ್ಯ ಮೊದಲಿನಿಂದಲೂ ಕಡತದಲ್ಲಿತ್ತು. ತೆರೆದಾಗ ಬಾಟಲಿಯಲ್ಲಿ ಕೆಟ್ಟ ವಾಸನೆ ಇರಲಿಲ್ಲ ಅನ್ನೋದೂ ಇತ್ತು. ಧನುರ್ವಾಯುವಿನ ಸೂಕ್ಷ್ಮಾಣು ಬಾಂಬೆಯಲ್ಲೇ ಸೇರಿ ಅಷ್ಟು ದಿನ ಬೆಳೆದಿದ್ದರೆ ಗಬ್ಬು ನಾರಬೇಕಿತ್ತು. ನಮಗೆ ಕಾಲೇಜಿನಲ್ಲಿ ಕ್ವಾಲಿಟಿ ಕಂಟ್ರೋಲ್ ಅಂತ ಒಂದು ಪೇಪರ್ ಇತ್ತು. ಪ್ರತಿ ಬ್ಯಾಚಿಗೆ ನಂಬರ್ ಯಾಕೆ, ದೋಷ ಹುಡುಕುವಾಗ ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಯಾಕೆ ಬರಬೇಕು ಅಂತ ಬಾಯಿಪಾಠ ಮಾಡಿ ಪಾಸಾದೆ. ಈ ಬಾಟಲಿಯ ಕಥೆ ಓದಿದ ಮೇಲೆ ಅದು ತಲೆಗೆ ಹೋಯ್ತು. ಕ್ರಮ ಬದಲಿಸುವಾಗ ಹಾಫ್‌ಕಿನ್ ಇನ್ನಷ್ಟು ಜನರ ಒಪ್ಪಿಗೆ ಪಡೆಯಬೇಕಿತ್ತು ಅಂತಲೂ ನನಗೆ ಅನ್ನಿಸುತ್ತೆ. ಆದರೆ ಎರಡೂ ಒಂದೇ ತೂಕದ ತಪ್ಪಲ್ಲ.

1907ರ ಜುಲೈನಲ್ಲಿ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್‌ಗೆ ಪತ್ರ ಬರೆದು, ಆರೋಪಕ್ಕೆ ಆಧಾರವಿಲ್ಲ ಅಂದರು. ಸರ್ಕಾರ ಮತ್ತೆ ಕೆಲಸಕ್ಕೆ ಕರೆಯಿತು, ಆದರೆ ಅವನ ಪರೇಲ್ ಸಿಗಲಿಲ್ಲ, ಕಲ್ಕತ್ತಾದಲ್ಲಿ ಬೇರೆ ಹುದ್ದೆ. ಮೊದಲಿನಂಥ ಕೆಲಸ ಮತ್ತೆ ಆಗಲೇ ಇಲ್ಲ. ಐವತ್ತೈದರ ಹೊತ್ತಿಗೆ ನಿವೃತ್ತಿಯಾಗಿ ಯುರೋಪಿಗೆ ಮರಳಿದ. ಮದುವೆಯಾಗಲಿಲ್ಲ. ಕೊನೆಯ ವರ್ಷಗಳು ಧರ್ಮಶ್ರದ್ಧೆಯಲ್ಲಿ ಕಳೆದವು. 1925ರಲ್ಲಿ ಪರೇಲ್ ಪ್ರಯೋಗಾಲಯಕ್ಕೆ ಅವನ ಹೆಸರಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡ. 2021ರ ಏಪ್ರಿಲ್‌ನಲ್ಲಿ ಕೋವ್ಯಾಕ್ಸಿನ್ ತಯಾರಿಸಲು ಕೇಂದ್ರ ಅನುಮತಿ ಕೊಟ್ಟ ಕಂಪನಿಗಳಲ್ಲಿ ಒಂದರ ಹೆಸರು ಹಾಫ್‌ಕಿನ್.

ಇದಿಷ್ಟನ್ನೂ ಮೊನ್ನೆ ಶಿರಹಟ್ಟಿಯ ಮನೆಯ ಕಟ್ಟೆ ಮೇಲೆ ಕೂತು ಆಯಿಗೆ ಹೇಳಿದೆ. ಮಲ್ಕೋವಾಲ್ ಬಿಟ್ಟುಬಿಡು ಅಂತ ಕಾಕಾ ಕಣ್ಣಲ್ಲೇ ಸನ್ನೆ ಮಾಡಿದರು, ನಾನು ಬಿಡಲಿಲ್ಲ. ಶುಗರ್ ಚೆಕ್ಕಿನ ಸುಳ್ಳು ಹೇಳಿ ಕರಕೊಂಡು ಹೋಗಿ, ಆಮೇಲೆ ಆಕೆಗೆ ಎರಡು ದಿನ ಜ್ವರ ಬಂದಿದ್ದರೆ ನನ್ನ ಇನ್ನೊಂದು ಮಾತನ್ನೂ ಆಕೆ ನಂಬುತ್ತಿರಲಿಲ್ಲ. ಎರಡನೇ ಡೋಸ್ ಅಂತೂ ದೂರದ ಮಾತು. ಆಯಿ ಸುಮ್ಮನೆ ಕೇಳಿದಳು. ಆಕೆಯ ಅವ್ವ ಸಣ್ಣಾಕಿ ಇದ್ದಾಗ ಗಂಟಿನ ಬ್ಯಾನಿ ಬಂದು ಊರಿಗೆ ಊರೇ ಹೊಲದಲ್ಲಿ ಜೋಪಡಿ ಹಾಕಿಕೊಂಡಿತ್ತಂತೆ. ಇಲಿ ಬಿದ್ದ ಮನೆಗೆ ಬೀಗ ಹಾಕಿ, ಜ್ವಾಳದ ಚೀಲ ಚಕ್ಕಡಿಗೇರಿಸಿ, ದೇವರನ್ನೂ ಕಟ್ಟಿಕೊಂಡು ಹೋಗಿದ್ದರಂತೆ. ನೀವು ಮನೆಯೊಳಗ ಕುಂತು ಇದನ್ನ ದೊಡ್ಡ ಲಾಕ್‌ಡೌನ್ ಅಂತೀರಿ ಅಂತ ನನ್ನನ್ನೇ ಆಡಿಕೊಂಡಳು.

ಆಮೇಲೆ ಕೇಳಿದಳು, ಆ ಹತ್ತೊಂಬತ್ತು ಮಂದಿ ಹೆಸರೇನು ಅಂತ. ನನ್ನಲ್ಲಿ ಉತ್ತರ ಇರಲಿಲ್ಲ. ಬಾಟಲಿ ನಂಬರ್ ಬಾಯಿಪಾಠ ಮಾಡೀಯಲ್ಲೋ, ಹೆಸರು ಗೊತ್ತಿಲ್ಲೇನು ಅಂದಳು.

ಬರುವ ಗುರುವಾರ ಆಸ್ಪತ್ರೆಗೆ ಬರುತ್ತೇನೆ ಅಂದಿದ್ದಾಳೆ. ಒಂದು ಷರತ್ತಿದೆ. ಬಾಟಲಿಯನ್ನು ಆಕೆಯ ಕಣ್ಣೆದುರೇ ತೆರೆಯಬೇಕು, ಸೂಜಿ ಹೊಸ ಪೊಟ್ಟಣದ್ದಾಗಿರಬೇಕು, ನೆಲಕ್ಕೆ ಏನಾದರೂ ಬಿದ್ದರೆ ಆಕೆ ಅಲ್ಲಿಂದಲೇ ಎದ್ದು ಬರುತ್ತಾಳೆ. ನರ್ಸ್ ಅಕ್ಕನಿಗೆ ಫೋನ್ ಮಾಡಿ ಮೊದಲೇ ಹೇಳಿಟ್ಟಿದ್ದೇನೆ.